ಇಸ್ಪೀಟಿನ ಮನಃಶಾಸ್ತ್ರ: ಎದುರಾಳಿಯ ಮುಖದಿಂದ ಸ್ವಂತ ತಲೆಯವರೆಗೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಇಸ್ಪೀಟು ಹೊಸದೇನಲ್ಲ. ಹಳೇ ಮೈಸೂರು ಸೀಮೆಯ ಉಳಿದೆಡೆಗಳಂತೆ ಇಲ್ಲೂ ಯುಗಾದಿ ಬಂದರೆ ಅರಳಿಕಟ್ಟೆಯ ಮೇಲೆ, ಮಾವಿನ ತೋಪಿನ ನೆರಳಲ್ಲಿ ಎಲೆ ಹಂಚುತ್ತಾರೆ. ಆಂಧ್ರದ ಗಡಿ ಹತ್ತಿರವಾದಂತೆ ಅದೇ ಆಟ ಪೇಕಾಟವಾಗುತ್ತದೆ. ಸ್ಮಾರ್ಟ್‌ಫೋನ್ ಬಂದ ಮೇಲೆ ರಮ್ಮಿಯ ಬೆನ್ನಿಗೆ ಪೋಕರ್ ಕೂಡ ಹಳ್ಳಿಯ ಹುಡುಗರ ಕೈಗೆ ಬಂತು. ಗೆದ್ದವನಿಗೆ ‘ಒಳ್ಳೇ ಎಲೆ ಬಿತ್ತು’, ಸೋತವನಿಗೆ ‘ಟೈಮ್ ಸರಿಯಿಲ್ಲ’ ಎನ್ನುವಲ್ಲಿಗೆ ಕಟ್ಟೆಯ ವಿಶ್ಲೇಷಣೆ ಮುಗಿಯುತ್ತದೆ. ಆದರೆ ಎಲೆ ಕೈಗೆ ಬಂದ ಮೇಲೆ ಆಟಗಾರನ ತಲೆಯೊಳಗೆ ನಡೆಯುವುದರ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಗಣಿತಜ್ಞರು ಶುರುಮಾಡಿದ್ದನ್ನು ಜೂಜುಗಾರರು ಮುಂದುವರಿಸಿದರು, ಮನೋವಿಜ್ಞಾನಿಗಳು ತಿದ್ದಿದರು, ಕೊನೆಗೆ ವೈದ್ಯರೂ ಬಂದು ಸೇರಿಕೊಂಡರು.

ಅಕ್ಷಹೃದಯ

ನಮ್ಮಲ್ಲಿ ಈ ವಿಚಾರ ಮಹಾಭಾರತದಷ್ಟು ಹಳೆಯದು. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಮನೆಮಾತಾದ ನಳನ ಕಥೆಯಲ್ಲಿ ಎರಡು ಸೂಕ್ಷ್ಮಗಳಿವೆ. ಜೂಜಿನಲ್ಲಿ ತಮ್ಮ ಪುಷ್ಕರನ ಎದುರು ನಳ ರಾಜ್ಯ ಕಳೆದುಕೊಂಡಾಗ ಅವನ ಮೈಯೊಳಗೆ ಕಲಿ ಸೇರಿದ್ದ. ಹತ್ತಿರದವರ ಬುದ್ಧಿಮಾತು ಅವನ ಕಿವಿಗೆ ಬೀಳಲಿಲ್ಲ. ಮುಂದೆ ಋತುಪರ್ಣ ರಾಜ ತಾರೆ ಮರದ ಎಲೆ-ಕಾಯಿಗಳನ್ನು ಕಣ್ಣಳತೆಯಲ್ಲೇ ಎಣಿಸಿ ತೋರಿಸಿ, ನಳನಿಗೆ ಅಕ್ಷಹೃದಯವೆಂಬ ದಾಳದ ವಿದ್ಯೆ ಕಲಿಸಿದ. ಆ ಲೆಕ್ಕದ ವಿದ್ಯೆ ಒಳಹೊಕ್ಕ ಗಳಿಗೆಯಲ್ಲೇ ಕಲಿ ಹೊರಬಿದ್ದ. ಮನಸ್ಸು ಕೆಟ್ಟು ಸೋತವನು ಲೆಕ್ಕ ಕಲಿತು ಗೆದ್ದ ಎಂಬಲ್ಲಿ ಇಂದಿನ ಶಾಸ್ತ್ರದ ಎರಡೂ ಅರ್ಧಗಳಿವೆ. ಎಲೆಯಾಟಕ್ಕೆ ಬಂದರೆ, ಮುಮ್ಮಡಿ ಕೃಷ್ಣರಾಜ ಒಡೆಯರ್ ಮೈಸೂರಿನ ಗಂಜೀಫಾ ಆಟಗಳನ್ನು ತಾವೇ ರೂಪಿಸಿ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ದಾಖಲಿಸಿದರು.

ಸುಳ್ಳಿಗೊಂದು ಲೆಕ್ಕ

ಆಧುನಿಕ ಅಧ್ಯಯನ ಹುಟ್ಟಿದ್ದು ಗಣಿತದಲ್ಲಿ. ಜಾನ್ ಫಾನ್ ನಾಯ್ಮನ್ 1928ರಲ್ಲಿ ಆಟಗಳ ಸಿದ್ಧಾಂತದ ಬುನಾದಿ ಹಾಕಿದ. 1944ರಲ್ಲಿ ಆಸ್ಕರ್ ಮಾರ್ಗನ್‌ಸ್ಟರ್ನ್ ಜೊತೆ ಬರೆದ ದೊಡ್ಡ ಪುಸ್ತಕದಲ್ಲಿ ಪೋಕರ್‌ಗೇ ಜಾಗ ಕೊಟ್ಟ. ಚದುರಂಗದಲ್ಲಿ ಎಲ್ಲ ಕಾಯಿಗಳೂ ಕಣ್ಣೆದುರೇ ಇರುತ್ತವೆ; ಪೋಕರ್‌ನಲ್ಲಿ ಎದುರಾಳಿಯ ಎಲೆ ಕಾಣುವುದಿಲ್ಲ. ಒಳ್ಳೆಯ ಎಲೆ ಬಂದಾಗ ಮಾತ್ರ ಪಣ ಏರಿಸುವವನ ಗುಟ್ಟು ಬೇಗ ಬಯಲಾಗಿ, ಅವನು ಏರಿಸಿದ ಕೂಡಲೇ ಉಳಿದವರು ಎಲೆ ಇಟ್ಟುಬಿಡುತ್ತಾರೆ. ಆದ್ದರಿಂದ ಕೆಟ್ಟ ಎಲೆ ಇಟ್ಟುಕೊಂಡೂ ಆಗಾಗ ಏರಿಸಬೇಕು. ಎಷ್ಟು ಸಲ ಎಂಬುದಕ್ಕೂ ಲೆಕ್ಕವಿದೆ. ಬ್ಲಫ್ ಎಂದರೆ ಗಂಡೆದೆಯವರ ಕೆಲಸ ಎಂಬ ನಂಬಿಕೆಗೆ ಅಲ್ಲಿ ಮೊದಲ ಪೆಟ್ಟು ಬಿತ್ತು. ಜಾನ್ ನ್ಯಾಶ್ ಕೂಡ 1950ರ ತನ್ನ ಪ್ರಬಂಧದಲ್ಲಿ ಮೂವರು ಆಡುವ ಸರಳ ಪೋಕರನ್ನು ಉದಾಹರಣೆಯಾಗಿ ಬಿಡಿಸಿದ್ದಾನೆ.

ಮುಖ ಓದುವ ಕಾಲ

ಲೆಕ್ಕದ ಗೋಜಿಗೆ ಹೋಗದ ಆಟಗಾರರಿಗೆ ಮುಖ್ಯವಾಗಿದ್ದು ಎದುರು ಕೂತವನ ಮುಖ. ಗುಪ್ತಲಿಪಿ ಒಡೆಯುವುದರಲ್ಲಿ ಹೆಸರಾಗಿದ್ದ ಹರ್ಬರ್ಟ್ ಯಾರ್ಡ್ಲಿ 1957ರಲ್ಲಿ ಪೋಕರ್ ಕಲಿಕೆಯ ಬಗ್ಗೆ ಬರೆದ. ಮೈಕ್ ಕಾರೊ 1984ರಲ್ಲಿ ಆಟಗಾರರ ಹಾವಭಾವಗಳ ಕೈಪಿಡಿಯನ್ನೇ ಹೊರತಂದ. ದುರ್ಬಲ ಎಲೆಯಿದ್ದವನು ಬಲದ ನಟನೆ ಮಾಡುತ್ತಾನೆ, ಬಲದ ಎಲೆಯಿದ್ದವನು ಸಪ್ಪೆ ಮುಖ ಹಾಕುತ್ತಾನೆ ಎಂಬುದು ಕಾರೊನ ಮುಖ್ಯ ಸೂತ್ರ. ನಮ್ಮ ಕಟ್ಟೆಯ ಹಳಬರೂ ಇದನ್ನೇ ಹೇಳಿಯಾರು.

ಈ ನಂಬಿಕೆಯನ್ನು ಮನೋವಿಜ್ಞಾನಿ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2013ರಲ್ಲಿ ಪರೀಕ್ಷೆಗೆ ಒಡ್ಡಿದರು. ವೃತ್ತಿಪರರ ಆಟದ ವಿಡಿಯೊ ತುಣುಕುಗಳಲ್ಲಿ ಬರೀ ಮುಖ ನೋಡಿದವರ ಊಹೆ ಕಣ್ಣುಮುಚ್ಚಿ ಹೇಳುವುದಕ್ಕಿಂತಲೂ ಕೆಟ್ಟದಾಗಿತ್ತು. ಬರೀ ತೋಳುಗಳ ಚಲನೆ ನೋಡಿದವರ ಊಹೆ ಸ್ವಲ್ಪ ಮೇಲಾಗಿತ್ತು. ಒಳ್ಳೆಯ ಎಲೆಯಿದ್ದವನು ಬಿಲ್ಲೆಗಳನ್ನು ಮುಂದೆ ತಳ್ಳುವಾಗ ಕೈ ಸರಾಗವಾಗಿ ಹರಿಯುತ್ತದೆ. ಮುಖ ಓದುವ ವಿದ್ಯೆ ಹೇಳಿಕೊಂಡಷ್ಟು ದೊಡ್ಡದಲ್ಲ ಎಂದು ಇದರಿಂದ ಸ್ಪಷ್ಟವಾಯಿತು.

ತನ್ನ ತಲೆಯ ಕಡೆಗೆ

ದೊಡ್ಡ ತಿರುವು ಬಂದದ್ದು 1970ರ ದಶಕದಲ್ಲಿ, ಆಟದ ಮೇಜಿನಿಂದ ದೂರ. ಅನಿಶ್ಚಿತ ಸಂದರ್ಭಗಳಲ್ಲಿ ಮನುಷ್ಯ ಎಡವುವ ಬಗೆಗಳನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾನ್ಮನ್ ಮತ್ತು ಆಮೊಸ್ ಟ್ವೆರ್ಸ್ಕಿ 1974ರಲ್ಲಿ ಪಟ್ಟಿಮಾಡಿದರು. ಗೆದ್ದ ಖುಷಿಗಿಂತ ಅಷ್ಟೇ ಮೊತ್ತ ಸೋತ ನೋವು ದೊಡ್ಡದು, ಸೋಲಿನಲ್ಲಿರುವವನು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾನೆ ಎಂದು 1979ರಲ್ಲಿ ತೋರಿಸಿದರು. ‘ಹೋದದ್ದನ್ನು ತೆಗೆದುಕೊಂಡೇ ಏಳ್ತೀನಿ’ ಎಂದು ಕೂರುವವನ ಮನಸ್ಸಿನ ವಿವರಣೆ ಇಲ್ಲಿದೆ. ಎಲೆನ್ ಲ್ಯಾಂಗರ್ 1975ರಲ್ಲಿ ಮಾಡಿದ ಲಾಟರಿ ಪ್ರಯೋಗವೂ ಹೆಸರುವಾಸಿ. 1 ಡಾಲರಿನ ಟಿಕೆಟನ್ನು ತಾವೇ ಆರಿಸಿಕೊಂಡವರು ಅದನ್ನು ಮರಳಿ ಮಾರಲು ಸರಾಸರಿ 8.67 ಡಾಲರ್ ಕೇಳಿದರು. ಬೇರೆಯವರು ಎತ್ತಿಕೊಟ್ಟ ಟಿಕೆಟ್ ಪಡೆದವರು ಕೇಳಿದ್ದು 1.96 ಡಾಲರ್. ತನ್ನ ಕೈ ಮುಟ್ಟಿದ ಮಾತ್ರಕ್ಕೆ ಅದೃಷ್ಟ ಬದಲಾಗುತ್ತದೆ ಎಂಬ ಭ್ರಮೆ ಅದು. ‘ನಾನೇ ಕಟ್ ಮಾಡ್ತೀನಿ’ ಎಂದು ಹಟ ಹಿಡಿಯುವವರನ್ನು ಯಾವ ಕಟ್ಟೆಯಲ್ಲೂ ನೋಡಬಹುದು.

ಪೋಕರ್ ಆಡುವವರ ಮಾತಿನಲ್ಲಿ ಸೋತವನ ಮನಸ್ಥಿತಿಗೆ ‘ಟಿಲ್ಟ್’ ಎಂಬ ಹೆಸರು ಮೊದಲೇ ಇತ್ತು. ಸೋಲಿನ ಸಿಟ್ಟಿಗೆ ತಲೆಕೆಟ್ಟು ಅಡ್ಡಾದಿಡ್ಡಿ ಆಡುವುದು ಟಿಲ್ಟ್. ಗಾಲ್ಫ್ ಆಟಗಾರರಿಗೆ ಮಾನಸಿಕ ತರಬೇತಿ ಕೊಡುತ್ತಿದ್ದ ಜ್ಯಾರೆಡ್ ಟೆಂಡ್ಲರ್ 2011ರ ತನ್ನ ಪುಸ್ತಕದಲ್ಲಿ ಅದನ್ನು ಬಿಡಿಸಿ ನೋಡಿದ. ಅನ್ಯಾಯವಾಯಿತೆಂಬ ಸಿಟ್ಟು, ಸೋಲನ್ನೇ ಸಹಿಸದ ಸಿಟ್ಟು, ತನ್ನ ತಪ್ಪಿನ ಮೇಲಿನ ಸಿಟ್ಟು, ಎದುರಾಳಿಯ ಮೇಲಿನ ಸೇಡು, ‘ನನ್ನಂಥವನು ಇಂಥವನಿಗೆ ಸೋಲಬೇಕೆ’ ಎಂಬ ಅಹಂಕಾರ: ಒಂದೊಂದಕ್ಕೂ ಮದ್ದು ಬೇರೆ ಎಂಬುದು ಅವನ ವಾದ. ಹೆಲ್ಸಿಂಕಿಯ ಯೂಸಿ ಪಾಲೊಮಾಕಿ ಮತ್ತು ಸಂಗಡಿಗರು 2013ರ ಹೊತ್ತಿಗೆ ಪೋಕರ್ ಆಡುವವರನ್ನೇ ಕೇಳಿ ಅಧ್ಯಯನ ಮಾಡಿದರು. ಅನುಭವಿಗಳು ಸೋಲನ್ನು ಮೆಲುಕು ಹಾಕುತ್ತ ಕೂರುವುದು ಕಡಿಮೆ. ತಾವು ಆಡಿದ್ದನ್ನು ಪರಿಶೀಲಿಸುವುದು ಹೆಚ್ಚು.

ಸೋತರೂ ಸರಿಯಾದ ಆಟ

ಈ ಶಾಸ್ತ್ರದ ಅತ್ಯಂತ ಕಷ್ಟದ ಪಾಠವನ್ನು ಒಂದು ಕೈಯಲ್ಲಿ ನೋಡಬಹುದು. ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ಎಲ್ಲರಿಗೂ ಸೇರಿದಂತೆ ನಡುವೆ ತೆರೆದಿಡುವ ಐದು ಎಲೆಗಳಲ್ಲಿ ಕೊನೆಯದು ಬೀಳುವುದೊಂದು ಬಾಕಿಯಿದೆ ಎನ್ನಿ. ನಿಮ್ಮ ಎರಡು, ನಡುವಿನ ಎರಡು ಸೇರಿ ನಾಲ್ಕು ಕಳಾವರ್ ಇವೆ. ಇನ್ನೊಂದು ಕಳಾವರ್ ಬಿದ್ದರೆ ಗೆಲುವು, ಇಲ್ಲದಿದ್ದರೆ ಸೋಲು. ನೀವು ನೋಡದ ಎಲೆಗಳು 46, ಅವುಗಳಲ್ಲಿ ಕಳಾವರ್ 9. ಅಂದರೆ ಗೆಲ್ಲುವ ಸಾಧ್ಯತೆ ಶೇ 19.6. ಮಧ್ಯದಲ್ಲಿ 400 ರೂಪಾಯಿಯಿದೆ, ಎದುರಾಳಿ 100 ಹಾಕಿದ್ದಾನೆ. ನೀವು 100 ಹಾಕಿದರೆ 600ರ ರಾಶಿಗೆ ಪೈಪೋಟಿ, ಶೇ 16.7 ಸಲ ಗೆದ್ದರೂ ಅಸಲು ಬರುತ್ತದೆ. ಆದ್ದರಿಂದ ಹಾಕುವುದೇ ಸರಿ. ಆದರೆ ಸರಿಯಾದ ಈ ತೀರ್ಮಾನ ಐದರಲ್ಲಿ ನಾಲ್ಕು ಸಲ ಸೋಲು ತರುತ್ತದೆ. ಸಾಲಾಗಿ ನಾಲ್ಕು ಸಲ ಸೋತು, ಐದನೆಯ ಸಲವೂ ಅದೇ ಲೆಕ್ಕಕ್ಕೆ ಅಂಟಿಕೊಳ್ಳುವುದು ಗಣಿತ ಬಲ್ಲವರಿಗೂ ಸುಲಭವಲ್ಲ.

ಮನೋವಿಜ್ಞಾನ ಓದಿ ವೃತ್ತಿಪರ ಆಟಗಾರ್ತಿಯಾದ ಆನಿ ಡ್ಯೂಕ್ 2018ರ ತನ್ನ ಪುಸ್ತಕದಲ್ಲಿ ಇದನ್ನೇ ಒತ್ತಿ ಹೇಳುತ್ತಾಳೆ: ಫಲಿತಾಂಶ ನೋಡಿ ತೀರ್ಮಾನದ ಬೆಲೆ ಕಟ್ಟಬಾರದು. ಕೋಲಾರದ ರೈತರಿಗೆ ಇದನ್ನು ಟೊಮೆಟೊ ಕಲಿಸಿದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿದಾಗ ಬೆಳೆ ಇಟ್ಟವರೆಲ್ಲ ಜಾಣರಾದರು. ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳಲ್ಲಿ ಅದೇ ರೈತ, ಅದೇ ಬೇಸಾಯ ದಡ್ಡತನವಾಯಿತು.

ಕರ್ಮವನ್ನೂ ಫಲವನ್ನೂ ಬೇರೆ ಮಾಡಿ ನೋಡುವುದು ಈ ನೆಲಕ್ಕೆ ಹೊಸ ಮಾತಲ್ಲ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರಿಗೆ 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ‘ಜೀವನಧರ್ಮಯೋಗ’ ಗೀತೆಯ ತಾತ್ಪರ್ಯವೇ. ಆದರೆ ಎರಡನ್ನೂ ಒಂದೇ ಎನ್ನಲಾಗದು. ಗೀತೆ ಫಲದ ಆಸೆಯನ್ನೇ ಬಿಡು ಎನ್ನುತ್ತದೆ. ಪೋಕರ್ ಆಟಗಾರ ದುಡ್ಡಿನ ಆಸೆಗೇ ಕೂತಿರುತ್ತಾನೆ, ಒಂದು ಕೈಯ ಫಲವನ್ನಷ್ಟೇ ಮರೆಯಲು ಕಲಿಯುತ್ತಾನೆ.

ಇಷ್ಟೆಲ್ಲ ಕಲಿತರೆ ಫಲವುಂಟೇ? ಉಂಟು ಎನ್ನುತ್ತದೆ 2010ರ ಪೋಕರ್ ವಿಶ್ವ ಸರಣಿಯ ಅಂಕಿಅಂಶ. ಸಂಶೋಧಕರಾದ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ ಲೆಕ್ಕಹಾಕಿದಂತೆ, ನುರಿತವರೆಂದು ಮೊದಲೇ ಗುರುತಿಸಲಾಗಿದ್ದ ಆಟಗಾರರು ಹಾಕಿದ ಹಣದ ಮೇಲೆ ಶೇ 30ಕ್ಕೂ ಹೆಚ್ಚು ಗಳಿಸಿದರು. ಉಳಿದವರು ಶೇ 15ರಷ್ಟು ಕಳೆದುಕೊಂಡರು. 2017ರ ಜನವರಿಯಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ 20 ದಿನ, 1,20,000 ಕೈ ಆಡಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. ಅದು ಯಾರ ಮುಖವನ್ನೂ ನೋಡಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ.

ನಮ್ಮ ಕಟ್ಟೆಗೆ ಏನು?

ಈ ಜ್ಞಾನವನ್ನು ಕೋಲಾರದ ಕಡೆಯ ಈ ನಾಲ್ಕು ತಾಲ್ಲೂಕುಗಳಿಗೆ ತರುವಾಗ ಮೊದಲು ಆಟಗಳನ್ನು ಬೇರ್ಪಡಿಸಬೇಕು. ತೋಪುಗಳಲ್ಲಿ ಪೊಲೀಸರು ದಾಳಿ ಮಾಡಿದಾಗ ಸಿಕ್ಕುವುದು ಸಾಮಾನ್ಯವಾಗಿ ಅಂದರ್ ಬಾಹರ್. ತೆರೆದಿಟ್ಟ ಎಲೆಯ ಜೋಡಿ ಎರಡು ಕಡೆಗಳಲ್ಲಿ ಯಾವ ಕಡೆ ಬೀಳುತ್ತದೆ ಎಂಬುದರ ಮೇಲಷ್ಟೇ ಪಣ, ಅಲ್ಲಿ ಬುದ್ಧಿಗೆ ಕೆಲಸವೇ ಇಲ್ಲ. ಮೊದಲ ಎಲೆ ಬೀಳುವ ಕಡೆಗೆ ಶೇ 51.5ರಷ್ಟು ಸಾಧ್ಯತೆ, ಇನ್ನೊಂದು ಕಡೆಗೆ ಉಳಿದದ್ದು. ಎಷ್ಟೇ ಮನೋನಿಗ್ರಹವಿದ್ದರೂ ಈ ಅಂಕಿ ಅಲುಗದು.

ರಮ್ಮಿಯ ಕಥೆ ಬೇರೆ. ಪೋಕರ್‌ನ ಅತಿ ಮುಖ್ಯ ಗುಣವಾದ ಎಲೆ ಇಟ್ಟು ಸುಮ್ಮನಾಗುವ ತಾಳ್ಮೆ ಇಲ್ಲಿ ಡ್ರಾಪ್‌ನಲ್ಲಿ, ಅಂದರೆ ಆ ಕೈಯನ್ನು ಬಿಟ್ಟುಕೊಡುವುದರಲ್ಲಿ ಇದೆ. 101 ಅಂಕ ಮುಟ್ಟಿದವನು ಹೊರಬೀಳುವ 101 ಪೂಲ್‌ನಲ್ಲಿ ಎಲೆ ಎತ್ತುವ ಮೊದಲೇ ಬಿಟ್ಟರೆ 20, ಎತ್ತಿದ ಮೇಲೆ ಬಿಟ್ಟರೆ 40, ಸಿಕ್ಕಿಬಿದ್ದರೆ 80ರವರೆಗೂ ದಂಡದ ಅಂಕ. 80 ಅಂಕದಲ್ಲಿರುವವನು ಒಮ್ಮೆ ಬಿಟ್ಟು 100ಕ್ಕೆ ಉಳಿದುಕೊಳ್ಳಬಹುದು. 81 ಆದವನಿಗೆ ಆ ದಾರಿಯೂ ಇಲ್ಲ. ಜೋಕರ್ ಇಲ್ಲದೆ, ಸೀಕ್ವೆನ್ಸ್‌ನ ಸುಳಿವಿಲ್ಲದೆ ಹದಿಮೂರು ಎಲೆ ಬಂದಾಗ ಇಪ್ಪತ್ತಕ್ಕೆ ಕೈಬಿಡುವವನು ಬಲ್ಲವ. ‘ಒಂದೆಲೆ ಎತ್ತಿ ನೋಡೋಣ’ ಎನ್ನುವವನು ಅಲ್ಲೇ ಇನ್ನೊಂದು ಇಪ್ಪತ್ತು ಕಳೆದುಕೊಂಡ.

ನ್ಯಾಯಾಲಯಗಳೂ ಈ ವ್ಯತ್ಯಾಸವನ್ನು ಒಪ್ಪಿವೆ. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆನ್‌ಲೈನ್ ಪಣದಾಟ ತಡೆಯಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಅದೇ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾನೂನು ಮಾಡಿತು. ಅದನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತಿದವು.

ಆಟ ಚಟವಾದವರ ಅಧ್ಯಯನ ಈ ಕ್ಷೇತ್ರದ ಇತ್ತೀಚಿನ ಅಧ್ಯಾಯ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ಚಟದ ಸಾಲಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಗೀಳಿಗೆಂದೇ ‘ಷಟ್’ ಕ್ಲಿನಿಕ್ ತೆರೆಯಿತು. ಆಟಗಾರರ ತರಬೇತುದಾರರೂ ವೈದ್ಯರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮಾತು ಹೇಳುತ್ತಾರೆ: ಸೋತ ದುಡ್ಡನ್ನು ಅಟ್ಟಿಸಿಕೊಂಡು ಹೋಗುವುದು ಅಪಾಯದ ಮೊದಲ ಗುರುತು.

ನೂರು ವರ್ಷದ ಈ ವಿದ್ಯೆಯಲ್ಲಿ ಎಲ್ಲರಿಗೂ ದಕ್ಕುವ ಪಾಠ ಎದ್ದು ಬರುವುದೊಂದೇ. ಎಷ್ಟು ಹೊತ್ತು, ಎಷ್ಟು ದುಡ್ಡು ಎಂಬುದನ್ನು ಕೂರುವ ಮೊದಲೇ ಗೊತ್ತುಮಾಡಿಕೊಂಡು, ಆ ಗೆರೆ ಬಂದಾಗ ಎದ್ದವನೇ ನುರಿತವನು. ಏಳಲು ಆಗುತ್ತಿಲ್ಲ, ಸಾಲ ಬೆಳೆಯುತ್ತಿದೆ, ಮನೆಯಲ್ಲಿ ಸುಳ್ಳು ಹೇಳಬೇಕಾಗಿದೆ ಎನ್ನುವವರು ಇನ್ನೊಂದು ಕೈಗೆ ಕಾಯದೆ ವೈದ್ಯರ ಹತ್ತಿರ ಹೋಗಬೇಕು. ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗವಿದೆ. ಅಲ್ಲಿಯವರೆಗೂ ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ: ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ.