16 ವರ್ಷದ ಉಪವಾಸ, 90 ಮತ: ಇರೋಮ್ ಶರ್ಮಿಳಾರನ್ನು ಅವರ ಜನರೇ ಯಾಕೆ ನಂಬಲಿಲ್ಲ?

ಇವತ್ತಿನ ಎಪಿಸೋಡನ್ನ ಒಂದು ಸಂಖ್ಯೆಯಿಂದ ಶುರು ಮಾಡೋಣ. ತೊಂಬತ್ತು.

2017ರ ಮಾರ್ಚ್ 11ರಂದು ಮಣಿಪುರ ವಿಧಾನಸಭಾ ಚುನಾವಣೆಯ ಮತ ಎಣಿಕೆ ನಡೀತಿತ್ತು. ತೌಬಾಲ್ ಕ್ಷೇತ್ರದಲ್ಲಿ ಆಗಿನ ಮುಖ್ಯಮಂತ್ರಿ ಒಕ್ರಮ್ ಇಬೋಬಿ ಸಿಂಗ್ ಅವರಿಗೆ 18,649 ಮತ ಬಿತ್ತು. ಅವರ ಎದುರು ನಿಂತಿದ್ದ ಇರೋಮ್ ಶರ್ಮಿಳಾ ಅವರಿಗೆ ಬಿದ್ದದ್ದು ಬರೀ 90. ‘ನೋಟಾ’ ಒತ್ತಿದವರೇ ಅದಕ್ಕಿಂತ ಜಾಸ್ತಿ ಇದ್ದರು. ಮಣಿಪುರದ ಜನರಿಗೋಸ್ಕರ 16 ವರ್ಷ ಬಾಯಿಗೆ ಅನ್ನ ನೀರು ಮುಟ್ಟಿಸದ ಹೆಂಗಸು ಇವರು. ಈ ಲೆಕ್ಕ ಯಾಕೆ ಹೀಗಾಯ್ತು? ಜನ ಕೃತಘ್ನರಾದ್ರಾ, ಅಥವಾ ಅವರ ಅನುಮಾನಕ್ಕೂ ಕಾರಣ ಇತ್ತಾ? ನನಗೆ ಮುಖ್ಯ ಅನ್ನಿಸೋದು ಈ ಪ್ರಶ್ನೆ.

ಕೇಳ್ತಾ ಇರೋ ನಿಮ್ಮಲ್ಲಿ ಎಷ್ಟೋ ಜನ ಆ ಉಪವಾಸ ಶುರುವಾದಾಗ ಹುಟ್ಟೇ ಇರಲಿಲ್ಲ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

2000ದ ನವೆಂಬರ್ 2. ಇಂಫಾಲ್ ಹತ್ತಿರದ ಮಾಲೋಮ್ ಅನ್ನೋ ಊರಲ್ಲಿ ಬಸ್ಸಿಗೆ ಕಾಯ್ತಾ ಇದ್ದವರ ಮೇಲೆ ಅಸ್ಸಾಂ ರೈಫಲ್ಸ್ ಯೋಧರು ಗುಂಡು ಹಾರಿಸಿದರು. ಹತ್ತು ಜನ ನಾಗರಿಕರು ಸತ್ತರು. ಅವರಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಚಿಕ್ಕವನಿದ್ದಾಗ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಪಡೆದಿದ್ದ 18 ವರ್ಷದ ಹುಡುಗನೂ ಇದ್ದ. ದೇಶ ಯಾವ ಹುಡುಗನಿಗೆ ಪದಕ ಕೊಟ್ಟಿತ್ತೋ ಅದೇ ಹುಡುಗ ದೇಶದ ಗುಂಡಿಗೇ ಸತ್ತ.

ಮಣಿಪುರದಲ್ಲಿ ಆಗ ಜಾರಿಯಲ್ಲಿದ್ದದ್ದು ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ. ನ್ಯೂಸ್‌ನಲ್ಲಿ ‘ಆಫ್‌ಸ್ಪಾ’ ಅಂತ ಕೇಳಿರ್ತೀರಿ. 1958ರ ಈ ಕಾನೂನು 1980ರಿಂದ ಇಡೀ ಮಣಿಪುರಕ್ಕೆ ಅನ್ವಯವಾಗಿತ್ತು. ಶಾಂತಿ ಕಾಪಾಡಲು ಅಗತ್ಯ ಅನ್ನಿಸಿದರೆ, ಎಚ್ಚರಿಕೆ ಕೊಟ್ಟು, ಸಾವಾದರೂ ಸರಿ ಅನ್ನೋ ಮಟ್ಟಕ್ಕೆ ಬಲ ಬಳಸುವ ಅಧಿಕಾರ ಇದರ 4ನೇ ಸೆಕ್ಷನ್‌ನಲ್ಲಿದೆ. 6ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಯೋಧರ ಮೇಲೆ ಕೇಸ್ ನಡೆಸೋ ಹಾಗಿಲ್ಲ. ಅಂದ್ರೆ ಮಾಲೋಮ್‌ನ ಮನೆಗಳವರು ನ್ಯಾಯ ಕೇಳೋಕೆ ಮೊದಲು ದೆಹಲಿಯ ಅಪ್ಪಣೆ ಬೇಕು.

ಆಗ 28 ವರ್ಷದವರಾಗಿದ್ದ ಶರ್ಮಿಳಾ ಅದೇ ವಾರ ಉಪವಾಸಕ್ಕೆ ಕೂತರು. ಅವರದ್ದು ಒಂದೇ ಬೇಡಿಕೆ, ಆಫ್‌ಸ್ಪಾ ವಾಪಸ್ ತಗೊಳ್ಳಿ. ಪೊಲೀಸರು ಮೂರೇ ದಿನಕ್ಕೆ ಬಂಧಿಸಿದರು. ಆರೋಪ? ಐಪಿಸಿ 309, ಆತ್ಮಹತ್ಯೆ ಯತ್ನ.

ಇಲ್ಲಿಂದ ಒಂದು ವಿಚಿತ್ರ ಚಕ್ರ ಶುರುವಾಯ್ತು ನೋಡಿ. ಸೆಕ್ಷನ್ 309ಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ. ವರ್ಷ ತುಂಬಿದ ಮೇಲೆ ಬಿಡಬೇಕು. ಬಿಡ್ತಾರೆ, ಅವರು ಉಪವಾಸ ಮುಂದುವರಿಸ್ತಾರೆ, ಒಂದೆರಡು ದಿನಕ್ಕೆ ಮತ್ತೆ ಅರೆಸ್ಟ್. ಹೀಗೆ 16 ವರ್ಷ. ಇಂಫಾಲದ ಪೊರೊಂಪಾಟ್‌ನಲ್ಲಿರೋ ಸರ್ಕಾರಿ ಆಸ್ಪತ್ರೆಯ ಒಂದು ಕೋಣೆಯೇ ಅವರ ಜೈಲು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ದ್ರವಾಹಾರ ಹಾಕ್ತಿದ್ದರು. ಭೇಟಿಗೆ ಹೋಗೋರು ಸರ್ಕಾರದ ಅನುಮತಿ ತಗೋಬೇಕಿತ್ತು. ಗುರಿ ಮುಟ್ಟೋವರೆಗೂ ತಾಯಿಯನ್ನ ನೋಡಲ್ಲ ಅಂತ ಶರ್ಮಿಳಾ ಶಪಥವನ್ನೂ ಮಾಡಿದ್ದರು.

ಮೊದಲ ಅನುಮಾನ ಹುಟ್ಟಿದ್ದು ಇಲ್ಲೇ. ‘ಟ್ಯೂಬ್‌ನಲ್ಲಿ ಊಟ ಹೋಗ್ತಿದೆಯಲ್ಲ, ಅದೆಂಥ ಉಪವಾಸ?’ ಅಂತ ಕೇಳಿದವರಿದ್ದರು. ಕೇಳೋಕೆ ನ್ಯಾಯವಾಗೇ ಕಾಣುತ್ತೆ. ಆದರೆ ಟ್ಯೂಬ್ ಹಾಕಿದ್ದು ಯಾರು? ಅವರು ಒಲ್ಲೆ ಅಂದದ್ದನ್ನ ಸರ್ಕಾರ ಬಲವಂತವಾಗಿ ಹಾಕಿತು. ನನ್ನ ಪ್ರಕಾರ ಆ ಟ್ಯೂಬ್ ಸರ್ಕಾರಕ್ಕೆ ಎರಡು ಲಾಭ ಮಾಡಿಕೊಡ್ತು. ಆಕೆ ಸಾಯಲಿಲ್ಲ, ಹಾಗಾಗಿ ರಾಜ್ಯ ಹೊತ್ತಿ ಉರಿಯಲಿಲ್ಲ. ಆಕೆ ಬದುಕಿಯೇ ಇದ್ದದ್ದರಿಂದ ತುರ್ತೂ ಇರಲಿಲ್ಲ. 1929ರಲ್ಲಿ ಲಾಹೋರ್ ಜೈಲಿನಲ್ಲಿ ಜತೀಂದ್ರನಾಥ ದಾಸ್ 63 ದಿನ ಉಪವಾಸವಿದ್ದು ತೀರಿಕೊಂಡಾಗ ದೇಶವೇ ಅತ್ತಿತ್ತು. ಸತ್ತವರನ್ನ ಯಾರೂ ಅನುಮಾನಿಸಲ್ಲ. ಬದುಕಿ ಉಳಿದವರೇ ಪ್ರತಿದಿನ ಲೆಕ್ಕ ಒಪ್ಪಿಸಬೇಕು.

ಹಾಗಂತ ಹೋರಾಟ ವ್ಯರ್ಥ ಆಯ್ತು ಅಂತಲ್ಲ. 2004ರ ಜುಲೈನಲ್ಲಿ ಥಂಗ್ಜಾಮ್ ಮನೋರಮಾ ಅನ್ನೋ ಯುವತಿಯನ್ನ ಅಸ್ಸಾಂ ರೈಫಲ್ಸ್ ಮನೆಯಿಂದ ಕರೆದೊಯ್ದ ಮೇಲೆ ಅವರ ಶವ ಸಿಕ್ಕಿತು. ಹನ್ನೆರಡು ಜನ ತಾಯಂದಿರು ಇಂಫಾಲದ ಕಾಂಗ್ಲಾ ಕೋಟೆಯ ಬಾಗಿಲಲ್ಲಿ ಬೆತ್ತಲಾಗಿ ನಿಂತು ಪ್ರತಿಭಟಿಸಿದರು. ಆ ವರ್ಷ ಇಂಫಾಲ ಪುರಸಭೆ ವ್ಯಾಪ್ತಿಯಿಂದ ಆಫ್‌ಸ್ಪಾ ತೆಗೆದರು. ಕೇಂದ್ರ ನೇಮಿಸಿದ್ದ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಕಾಯ್ದೆಯನ್ನೇ ರದ್ದು ಮಾಡಿ ಅಂತ ಶಿಫಾರಸು ಮಾಡಿತು. ಆದರೆ ಆ ಶಿಫಾರಸು ಜಾರಿಗೆ ಬರಲೇ ಇಲ್ಲ.

2011ರಲ್ಲಿ ದೆಹಲಿಯಲ್ಲಿ ಅಣ್ಣಾ ಹಜಾರೆ ಉಪವಾಸ ನಡೀತು. ಆಗಸ್ಟ್ 16ಕ್ಕೆ ತಿಹಾರ್ ಜೈಲಿನಲ್ಲಿ ಶುರುವಾಗಿ 28ಕ್ಕೆ ರಾಮಲೀಲಾ ಮೈದಾನದಲ್ಲಿ ಮುಗೀತು. ಹನ್ನೆರಡೇ ದಿನಕ್ಕೆ ಸಂಸತ್ತೇ ಅಲುಗಾಡಿತು. ಆ ಚಳವಳಿಯಲ್ಲಿದ್ದ ಒಂದು ಗುಂಪು ಪಕ್ಷ ಕಟ್ಟಿ 2013ರ ಕೊನೆಗೆ ದೆಹಲಿಯಲ್ಲಿ ಸರ್ಕಾರವನ್ನೂ ಮಾಡ್ತು. ಅದೇ ಹೊತ್ತಿಗೆ ಇಂಫಾಲದ ಕೋಣೆಯಲ್ಲಿದ್ದ ಶರ್ಮಿಳಾ, 2014ರ ಲೋಕಸಭಾ ಚುನಾವಣೆಯಲ್ಲಿ ಮತ ಹಾಕ್ತೀನಿ ಅಂದರೆ ಅದಕ್ಕೂ ಅವಕಾಶ ಸಿಗಲಿಲ್ಲ. ನಮ್ಮ ಕಾನೂನಿನ ತಮಾಷೆ ಕೇಳಿ: ಜೈಲಿನಲ್ಲಿರೋ ವಿಚಾರಣಾಧೀನ ಕೈದಿ ಚುನಾವಣೆಗೆ ನಿಲ್ಲಬಹುದು, ಮತ ಹಾಕೋ ಹಾಗಿಲ್ಲ.

ಈಗ 2016ರ ಜುಲೈ 26ಕ್ಕೆ ಬನ್ನಿ. ಕೋರ್ಟಿಗೆ ಬಂದ ಶರ್ಮಿಳಾ, ಆಗಸ್ಟ್ 9ಕ್ಕೆ ಉಪವಾಸ ಬಿಡ್ತೀನಿ, ಚುನಾವಣೆಗೆ ನಿಲ್ತೀನಿ, ಮದುವೆಯೂ ಆಗ್ತೀನಿ ಅಂದರು. ವರ್ಷಗಟ್ಟಲೆ ಬೆಂಬಲಕ್ಕೆ ನಿಂತಿದ್ದವರಿಗೂ ಇದು ಸಿಡಿಲು ಬಡಿದ ಹಾಗಾಯ್ತು. ಆಗಸ್ಟ್ 9ಕ್ಕೆ ಜಾಮೀನು ಸಿಕ್ಕಿತು. ಕ್ಯಾಮೆರಾಗಳ ಎದುರು ಅಂಗೈಯಲ್ಲಿ ಜೇನುತುಪ್ಪ ಹಾಕ್ಕೊಂಡು ನೆಕ್ಕಿದರು. ಮುಖ್ಯಮಂತ್ರಿ ಆಗಬೇಕು, ಆಗ ಈ ಕಾಯ್ದೆ ತೆಗೀತೀನಿ ಅಂದರು.

ಆ ದಿನ ರಾತ್ರಿ ಏನಾಯ್ತು ಗೊತ್ತಾ? ಅವರು ಉಳಿಯೋಕೆ ಗೊತ್ತುಮಾಡಿದ್ದ ಜಾಗದಲ್ಲಿ ಸುತ್ತಮುತ್ತಲಿನವರು ಬೇಡ ಅಂದರು. ಕೊನೆಗೆ ಬಿಡುಗಡೆಯಾಗಿ ಬಂದ ಅದೇ ಆಸ್ಪತ್ರೆಗೇ ವಾಪಸ್ ಹೋಗಿ ಮಲಗಬೇಕಾಯ್ತು. 16 ವರ್ಷದ ನಂತರದ ಮೊದಲ ಸ್ವತಂತ್ರ ರಾತ್ರಿ ಅದು.

ಜನರ ಅನುಮಾನಗಳನ್ನ ಒಂದೊಂದಾಗಿ ತೂಗೋಣ. ಒಂದು, ‘ಗುರಿ ಮುಟ್ಟದೆ ಯಾಕೆ ಬಿಟ್ಟರು?’ ಇದಕ್ಕೆ ನನ್ನ ಉತ್ತರ ನೇರ. 16 ವರ್ಷ ಕೇಳಿಸದ ಕಿವಿಗೆ 17ನೇ ವರ್ಷ ಕೇಳಿಸುತ್ತೆ ಅನ್ನೋಕೆ ಯಾವ ಆಧಾರ ಇತ್ತು? ಎರಡು, ‘ಹೊರಗಿನವನನ್ನ ಮದುವೆ ಆಗ್ತಾರೆ, ತಲೆ ಕೆಡಿಸಿದ್ದಾನೆ.’ ಇದು ಅನುಮಾನವಲ್ಲ, ಹೆಂಗಸಿನ ಮೇಲಿನ ಯಜಮಾನಿಕೆ. 44 ವರ್ಷದ ಹೆಣ್ಣುಮಗಳು ತನ್ನ ಬದುಕನ್ನ ತಾನೇ ತೀರ್ಮಾನಿಸಬಾರದಾ? ಗಂಡು ಹೋರಾಟಗಾರ ಮದುವೆಯಾದರೆ ಊರೆಲ್ಲ ಊಟಕ್ಕೆ ಹೋಗ್ತಾರೆ ಅಲ್ವಾ?

ಮೂರನೆಯದ್ದು ಮಾತ್ರ ಗಟ್ಟಿ ಪ್ರಶ್ನೆ. ‘ರಾಜಕೀಯ ಮಾಡೋಕೆ ಇವರ ಹತ್ತಿರ ಏನಿದೆ?’ ಉಪವಾಸ ಒಬ್ಬರೇ ಮಾಡಬಹುದು, ಚುನಾವಣೆ ಒಬ್ಬರೇ ಮಾಡೋಕಾಗಲ್ಲ. ಬೂತ್‌ಗೆ ಏಜೆಂಟ್ ಬೇಕು, ಮನೆಮನೆಗೆ ಹೋಗೋ ಕಾರ್ಯಕರ್ತರು ಬೇಕು, ದುಡ್ಡು ಬೇಕು. ಅಕ್ಟೋಬರ್‌ನಲ್ಲಿ ಅವರು ಕಟ್ಟಿದ ‘ಪೀಪಲ್ಸ್ ರಿಸರ್ಜೆನ್ಸ್ ಆ್ಯಂಡ್ ಜಸ್ಟಿಸ್ ಅಲಯನ್ಸ್’ ಪಕ್ಷಕ್ಕೆ ಐದೇ ತಿಂಗಳಲ್ಲಿ ಚುನಾವಣೆ. 60 ಕ್ಷೇತ್ರಗಳ ರಾಜ್ಯದಲ್ಲಿ ನಿಂತವರು ಮೂರೇ ಜನ. ಶರ್ಮಿಳಾ ಸೈಕಲ್ ಮೇಲೆ ಪ್ರಚಾರಕ್ಕೆ ಹೋದರು. ಅದೂ ತಮ್ಮ ಸ್ವಂತ ಪ್ರದೇಶ ಬಿಟ್ಟು, 15 ವರ್ಷದಿಂದ ಮುಖ್ಯಮಂತ್ರಿಯಾಗಿದ್ದವರ ಊರಿಗೆ. ಮೇಲಾಗಿ ಆ ಚಳಿಗಾಲ ಹೊಸ ಜಿಲ್ಲೆಗಳ ಜಗಳದಲ್ಲಿ ಹೆದ್ದಾರಿ ಬಂದ್ ಆಗಿ, ಪೆಟ್ರೋಲ್, ಗ್ಯಾಸಿಗೆ ಜನ ಪರದಾಡ್ತಿದ್ದರು. ಕಣಿವೆಯ ಜನರ ತಲೆಯಲ್ಲಿದ್ದದ್ದು ರಾಜ್ಯ ಒಡೆದು ಹೋಗುತ್ತಾ ಅನ್ನೋ ಭಯ. ಆಫ್‌ಸ್ಪಾ ಆ ಹೊತ್ತಿಗೆ ಹಿಂದೆ ಸರಿದಿತ್ತು.

ನಮ್ಮವರದ್ದೇ ಒಂದು ಉದಾಹರಣೆ ಪಕ್ಕದಲ್ಲಿಡ್ತೀನಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ತುರ್ತು ಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಕೇಸಲ್ಲಿ ಜೈಲಲ್ಲಿದ್ದರು. 1977ರಲ್ಲಿ ಅಲ್ಲಿಂದಲೇ ಬಿಹಾರದ ಮುಜಫ್ಫರ್‌ಪುರಕ್ಕೆ ನಾಮಪತ್ರ ಹಾಕಿ, ಒಂದು ದಿನವೂ ಪ್ರಚಾರಕ್ಕೆ ಹೋಗದೆ ಮೂರು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಬೇಡಿ ಹಾಕಿದ ಕೈ ಎತ್ತಿದ ಅವರ ಫೋಟೊ ಪ್ರಚಾರ ಮಾಡ್ತು ಅಂತಾರೆ. ನಿಜ. ಆದರೆ ಆ ಫೋಟೊ ಹಿಂದೆ ಜನತಾ ಪಕ್ಷದ ಅಲೆ ಇತ್ತು, ದಶಕಗಳ ಕಾರ್ಮಿಕ ಸಂಘಟನೆ ಇತ್ತು. ಶರ್ಮಿಳಾಗೆ ಇದ್ದದ್ದು ಫೋಟೊ ಒಂದೇ. ಜನ ಆ ಮೂಗಿನ ಟ್ಯೂಬಿನ ಫೋಟೊವನ್ನ ಪೂಜಿಸಿದ್ದರು. ಟ್ಯೂಬ್ ತೆಗೆದ ಮುಖ ಅವರಿಗೆ ಪರಿಚಯವೇ ಇರಲಿಲ್ಲ. ಪರಿಚಯ ಆಗದ ಹಾಗೆ 16 ವರ್ಷ ಕೂಡಿಟ್ಟದ್ದು ಸರ್ಕಾರ.

ಸೋತ ಮೇಲೆ ಶರ್ಮಿಳಾ ಇನ್ನು ರಾಜಕೀಯ ಬೇಡ ಅಂತ ಮಣಿಪುರ ಬಿಟ್ಟರು. 2017ರ ಆಗಸ್ಟ್‌ನಲ್ಲಿ ಕೊಡೈಕೆನಾಲ್‌ನಲ್ಲಿ ಮದುವೆಯಾಯ್ತು. 2019ರ ಮೇನಲ್ಲಿ, ತಾಯಂದಿರ ದಿನದಂದೇ, ನಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು.

ಆಫ್‌ಸ್ಪಾ ಕಥೆ ಇನ್ನೂ ಮುಗಿದಿಲ್ಲ. 2022ರಲ್ಲಿ ಮಣಿಪುರದ 15 ಪೊಲೀಸ್ ಠಾಣೆಗಳ ವ್ಯಾಪ್ತಿಯಿಂದ ಅದನ್ನ ತೆಗೆದರು. 2023ರ ಹಿಂಸಾಚಾರದ ನಂತರ, 2024ರ ನವೆಂಬರ್‌ನಲ್ಲಿ ಆರು ಠಾಣೆಗಳ ವ್ಯಾಪ್ತಿಗೆ ಮತ್ತೆ ಬಂತು. ಐಪಿಸಿ 309 ಹೋಗಿದೆ. ಆದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 226 ಓದಿ ನೋಡಿ. ಸರ್ಕಾರಿ ನೌಕರನನ್ನ ಕರ್ತವ್ಯಕ್ಕೆ ಒತ್ತಾಯಿಸೋಕೆ ಅಥವಾ ಕರ್ತವ್ಯದಿಂದ ತಡೆಯೋಕೆ ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಸಮುದಾಯ ಸೇವೆ. ಉಪವಾಸವನ್ನ ಆತ್ಮಹತ್ಯೆ ಯತ್ನ ಅಂತ ಪೊಲೀಸರು ಬರೆದುಕೊಂಡರೆ ಏನಾಗುತ್ತೆ ಅಂತ ಶರ್ಮಿಳಾ ಕೇಸಲ್ಲಿ ನೋಡಿದ್ದೀವಲ್ಲ. ನಾಳೆ ನಿಮ್ಮ ಊರಲ್ಲಿ ಯಾರಾದರೂ ಅಮರಣಾಂತ ಉಪವಾಸಕ್ಕೆ ಕೂತರೆ ಈ ಸೆಕ್ಷನ್ ನೆನಪಿರಲಿ.

ಹೋರಾಟಗಾರರು ರಾಜಕೀಯಕ್ಕೆ ಬಂದಾಗ ಅನುಮಾನ ಪಡಬಾರದು ಅಂತ ನಾನು ಹೇಳಲ್ಲ. ಪಡಬೇಕು. ಹಣ ಎಲ್ಲಿಂದ ಬಂತು, ಜೊತೆಗೆ ಯಾರಿದ್ದಾರೆ, ಗೆದ್ದರೆ ಏನು ಮಾಡ್ತಾರೆ ಅಂತ ಕೇಳಲೇಬೇಕು. ಆದರೆ ಅದೇ ಪ್ರಶ್ನೆಗಳನ್ನ 18,649 ಮತ ತಗೊಂಡವರಿಗೂ ಕೇಳಬೇಕು. ಊಟ ಯಾಕೆ ಮಾಡಿದೆ, ಮದುವೆ ಯಾಕಾದೆ ಅನ್ನೋದು ಮತದಾರರು ಕೇಳೋ ಪ್ರಶ್ನೆ ಅಲ್ಲ.