ಬಾಣಗಳು ಏರುವ ಎತ್ತರ: ಬೆಂಜಮಿನ್ ರಾಬಿನ್ಸನ ಅಳತೆಯೂ ಮೈಸೂರಿನ ಬಾಣಗಳೂ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಮೈಸೂರು ಬಾಣಗಳ ವಿಷಯ ಕನ್ನಡ ವಾಚಕರಿಗೆ ಹೊಸದಲ್ಲ. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿ, ಅದನ್ನು ಬಿದಿರಿನ ಕೋಲಿಗೋ ಕತ್ತಿಯ ಅಲಗಿಗೋ ಬಿಗಿದು ಹಾರಿಸುತ್ತಿದ್ದ ಈ ಅಸ್ತ್ರಗಳು ಎಷ್ಟು ದೂರ ಹೋಗುತ್ತಿದ್ದುವೆಂಬುದನ್ನು ಕುರಿತು ಅನೇಕರು ಬರೆದಿದ್ದಾರೆ. ಅವು ಎಷ್ಟು ಎತ್ತರಕ್ಕೆ ಏರಬಲ್ಲವಾಗಿದ್ದುವು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಸಭೆ ಸಮಾರಂಭಗಳ ಭಾಷಣಗಳಲ್ಲಿ ಮಾತ್ರ ಅವು ಮುಗಿಲನ್ನು ಮುಟ್ಟಿಬಂದಿರುತ್ತವೆ. ಬಾಣದ ಎತ್ತರವನ್ನು ಅಳೆಯುವುದೆಂದರೇನು, ಅದನ್ನು ಕ್ರಮವಾಗಿ ಅಳೆದವರು ಯಾರು, ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಿವೇಚಿಸಿ, ಆ ಬೆಳಕಿನಲ್ಲಿ ಮೈಸೂರಿನ ಬಾಣಗಳ ಕಡೆಗೆ ತಿರುಗುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಎಳೆದುದು ಯಾವ ಗ್ರಂಥವೂ ಅಲ್ಲ. ನಾನೇ ಮಾಡಿದ ಒಂದು ತಪ್ಪು. ಚೆನ್ನೈಯ ಶಾಲೆಯೊಂದರ ಮಕ್ಕಳು ನೀರನ್ನೂ ಒತ್ತಿದ ಗಾಳಿಯನ್ನೂ ತುಂಬಿದ ಪ್ಲಾಸ್ಟಿಕ್ ಸೀಸೆಯ ರಾಕೆಟ್ಟೊಂದನ್ನು ಮೈದಾನದಲ್ಲಿ ಹಾರಿಸಿದರು. ಬ್ಯಾಂಕಿನಲ್ಲಿ ಕೆಲಸ ಮಾಡುವವನಾದ್ದರಿಂದ ಲೆಕ್ಕ ಬಲ್ಲವನೆಂದು ಎಣಿಸಿ, ಎತ್ತರವನ್ನು ಅಳೆಯುವ ಹೊಣೆಯನ್ನು ನನಗೆ ಒಪ್ಪಿಸಿದ್ದರು. ಹಾರಿಸುವ ಸ್ಥಳದಿಂದ 50 ಮೀಟರ್ ದೂರದಲ್ಲಿ ನಿಂತು, ದಾರಕ್ಕೆ ಸಣ್ಣ ಭಾರವೊಂದನ್ನು ಕಟ್ಟಿದ ಕೋನಮಾಪಕದಿಂದ ನೋಡಿದೆನು. ರಾಕೆಟ್ಟು ತುದಿ ಮುಟ್ಟಿದಾಗ ಕೋನ 45 ಡಿಗ್ರಿ. ದೂರವನ್ನು ಕೋನದ ಸ್ಪರ್ಶಜ್ಯೆಯಿಂದ ಗುಣಿಸಿದರೆ ಎತ್ತರ ಬರುತ್ತದೆ. 45 ಡಿಗ್ರಿಯ ಸ್ಪರ್ಶಜ್ಯೆ 1 ಆದ್ದರಿಂದ 50 ಮೀಟರ್ ಎಂದು ಸಾರಿಬಿಟ್ಟೆನು. ಎದುರು ದಿಕ್ಕಿನಲ್ಲಿ ಅಷ್ಟೇ ದೂರದಲ್ಲಿ ನಿಂತಿದ್ದ ಒಬ್ಬ ಹುಡುಗಿ ಬಂದು, "ಸರ್, ನನಗೆ ಸಿಕ್ಕಿದ್ದು 34 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಹಾಗಾದರೆ ಎತ್ತರ 33 ಮೀಟರೇ ಆಗುತ್ತದಲ್ಲ?" ಎಂದಳು. ಮಗು ನೋಡುವುದರಲ್ಲಿ ತಪ್ಪಿರಬೇಕೆಂದುಕೊಂಡು ನಕ್ಕು ಸುಮ್ಮನಾದೆನು. ಮನೆಗೆ ಬಂದು ಕಾಗದದ ಮೇಲೆ ಎರಡು ತ್ರಿಕೋನಗಳನ್ನು ಬರೆದಾಗ ನನ್ನ ಅವಿವೇಕ ತಿಳಿಯಿತು. ಗಾಳಿಯಿಂದಾಗಿ ರಾಕೆಟ್ಟು ನನ್ನ ಕಡೆಗೆ 10 ಮೀಟರ್ ಸರಿದಿತ್ತು. ನನ್ನಿಂದ 40 ಮೀಟರ್, ಅವಳಿಂದ 60 ಮೀಟರ್ ದೂರದಲ್ಲಿ ಅದು ತುದಿ ಮುಟ್ಟಿತ್ತು. ನಮ್ಮ ಕಣ್ಣಿನ ಮಟ್ಟದಿಂದ ಅದರ ನಿಜವಾದ ಎತ್ತರ 40 ಮೀಟರ್. ಇಬ್ಬರ ಕೋನಗಳೂ ಸರಿಯಾಗಿಯೇ ಇದ್ದುವು; ಇಬ್ಬರ ಉತ್ತರಗಳೂ ತಪ್ಪಾಗಿದ್ದುವು. ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ದರೆ ಮಾತ್ರ ನಿಜ ಹೊರಬೀಳುತ್ತಿತ್ತು. ಮರುದಿನ ಶಾಲೆಗೆ ಹೋಗಿ ಅವಳೆದುರಿಗೆ ಇದನ್ನು ಒಪ್ಪಿಕೊಂಡೆನು.

ಇದೇ ತೊಡಕನ್ನು ಹಿಂದಿನವರು ಹೇಗೆ ಎದುರಿಸಿದರೆಂದು ಹುಡುಕುತ್ತ ಹೋದಾಗ, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸನ ಲೇಖನ ದೊರೆಯಿತು. ಬಾಣಬಿರುಸುಗಳ ವೈಭವವನ್ನು ಬಣ್ಣಿಸಿದವರು ಅವನಿಗಿಂತ ಹಿಂದೆ ಎಷ್ಟೋ ಮಂದಿ. ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪೇಸ್ ಕೂಡ ಆ ಬಾಣಗಳನ್ನು ನೋಡಿ ಬೆರಗಾದವನೇ. ಆದರೆ ಬೆರಗು ಬೇರೆ, ಅಳತೆ ಬೇರೆ. ಅಳತೆ ಹುಟ್ಟಬೇಕಾದರೆ ಅದರಿಂದ ಆಗಬೇಕಾದ ಕೆಲಸವೊಂದಿರಬೇಕು. ರಾಬಿನ್ಸನಿಗೆ ಅಂಥ ಕೆಲಸವಿತ್ತು. ರಾತ್ರಿಯಲ್ಲಿ ಏರುವ ಬಾಣದ ಬೆಳಕನ್ನು ದೂರದೂರದ ಸ್ಥಳಗಳಿಂದ ನೋಡಿ ಆ ಸ್ಥಳಗಳ ನೆಲೆಯನ್ನು ನಿರ್ಣಯಿಸಬಹುದು. ಸೈನ್ಯಕ್ಕೂ ಹಡಗುಗಳಿಗೂ ಸಂಕೇತ ಕೊಡಬಹುದು ಎಂಬುದು ಅವನ ವಿಚಾರ. ಬೆಳಕು ಎಷ್ಟು ದೂರಕ್ಕೆ ಕಾಣುವುದೆಂಬುದು ಬಾಣ ಎಷ್ಟು ಎತ್ತರಕ್ಕೆ ಏರುವುದೆಂಬುದನ್ನು ಅವಲಂಬಿಸಿದೆ. ಭೂಮಿ ಗುಂಡಗಿರುವುದರಿಂದ ತಗ್ಗಿನಲ್ಲಿರುವ ಬೆಳಕು ಬೇಗ ಮರೆಯಾಗುತ್ತದೆ.

ರಾಬಿನ್ಸ್ 1707ರಲ್ಲಿ ಬಾತ್ ನಗರದಲ್ಲಿ ಹುಟ್ಟಿದನು. 1742ರಲ್ಲಿ ಪ್ರಕಟಿಸಿದ ತೋಪುವಿದ್ಯೆಯ ಗ್ರಂಥದಿಂದ ಯೂರೋಪಿನಲ್ಲೆಲ್ಲ ಪ್ರಸಿದ್ಧನಾದನು. ತೂಗಾಡುವ ಮರದ ದಿಮ್ಮಿಗೆ ಗುಂಡು ಹೊಡೆದು, ದಿಮ್ಮಿ ಸರಿದ ಪ್ರಮಾಣದಿಂದ ಗುಂಡಿನ ವೇಗವನ್ನು ಕಂಡುಹಿಡಿಯುವ ಉಪಾಯ ಅವನದು. ವೇಗವಾಗಿ ಹೋಗುವ ಗುಂಡಿಗೆ ಗಾಳಿ ಒಡ್ಡುವ ತಡೆ ಅಂದಿನ ವಿದ್ವಾಂಸರು ಎಣಿಸಿದ್ದಕ್ಕಿಂತ ಬಹಳ ಹೆಚ್ಚೆಂದು ಅವನು ತೋರಿಸಿದನು. ಮಹಾಗಣಿತಜ್ಞ ಆಯ್ಲರ್ ಆ ಗ್ರಂಥವನ್ನು 1745ರಲ್ಲಿ ಜರ್ಮನ್ ಭಾಷೆಗೆ ತಂದು, ಅದಕ್ಕೆ ವಿಸ್ತಾರವಾದ ಟಿಪ್ಪಣಿಗಳನ್ನು ಬರೆದನು.

ಎ-ಲಾ-ಶಪೆಲ್ ಒಪ್ಪಂದದಿಂದ ಯುದ್ಧ ಮುಗಿದುದರ ಸಂತೋಷಕ್ಕಾಗಿ 1749ರ ಏಪ್ರಿಲ್ 27ರ ರಾತ್ರಿ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ರಾಜವೈಭವದ ಬಾಣಬಿರುಸು ನಡೆಯಿತು. ಹ್ಯಾಂಡಲ್ ಸಂಗೀತ ರಚಿಸಿದ್ದು ಈ ಉತ್ಸವಕ್ಕಾಗಿಯೇ. ಊರೆಲ್ಲ ಪಾರ್ಕಿನ ಕಡೆಗೆ ಓಡುತ್ತಿರುವಾಗ ರಾಬಿನ್ಸನ ಮಿತ್ರನೊಬ್ಬನು ಅವನ ಕೋರಿಕೆಯಂತೆ ಸುಮಾರು 4,000 ಗಜ ದೂರದಲ್ಲಿ, ಚೀಪ್‌ಸೈಡ್ ಬಳಿಯ ಮನೆಯೊಂದರ ಮೇಲೆ ಕೋನ ಅಳೆಯುವ ಉಪಕರಣದೊಡನೆ ನಿಂತಿದ್ದನು. ಅವನ ವೀಕ್ಷಣೆಯಿಂದ ಬಂದ ಫಲವನ್ನು ರಾಬಿನ್ಸ್ ರಾಯಲ್ ಸೊಸೈಟಿಯ ಮುಂದಿಟ್ಟನು. ಬಿಡಿಬಿಡಿಯಾಗಿ ಹಾರಿದ ಬಾಣಗಳ ಸಾಮಾನ್ಯ ಎತ್ತರ ಸುಮಾರು 440 ಗಜ. ಅವುಗಳಲ್ಲಿ ಮೂರು 526 ಗಜ ಏರಿದುವು. ಕೊನೆಗೆ ಗುಂಪಾಗಿ ಹಾರಿದುವುಗಳಲ್ಲಿ ಅತ್ಯಂತ ಮೇಲೇರಿದುದು ಸುಮಾರು 615 ಗಜ. ಇವು ನೆಲದಿಂದ ಎಣಿಸಿದುವಲ್ಲ, ವೀಕ್ಷಣೆಯ ಸ್ಥಳದ ಮಟ್ಟದಿಂದ ಎಣಿಸಿದುವು ಎಂಬುದನ್ನೂ ಅವನು ಮರೆಯದೆ ತಿಳಿಸಿದ್ದಾನೆ.

ಈ ಲೆಕ್ಕವನ್ನು ತಾಳೆ ನೋಡುವುದು ಕಷ್ಟವಲ್ಲ. ಎತ್ತರಗಳಿಂದ ಹಿಂದಕ್ಕೆ ಹೋದರೆ ಕೋನಗಳು 6¼, 7½ ಮತ್ತು 8¾ ಡಿಗ್ರಿಗಳೆಂದು ಬರುತ್ತದೆ. ಎಲ್ಲವೂ ಕಾಲು ಡಿಗ್ರಿಯ ಮಟ್ಟಿಗೆ ಓದಿದುವು. ಅಷ್ಟು ದೂರದಲ್ಲಿ ಕಾಲು ಡಿಗ್ರಿ ತಪ್ಪಿದರೆ ಎತ್ತರದಲ್ಲಿ ಸುಮಾರು 18 ಗಜ ವ್ಯತ್ಯಾಸವಾಗುತ್ತದೆ. ಆದುದರಿಂದ 526 ಎಂಬ ಅಂಕೆಯ ಕೊನೆಯ 6ಕ್ಕೆ ಹೆಚ್ಚು ಬೆಲೆಯಿಲ್ಲ. ಆದರೆ ದೂರದಿಂದ ನೋಡಿದುದರಲ್ಲಿ ಒಂದು ದೊಡ್ಡ ಲಾಭವಿದೆ. ಬಾಣವು ಗಾಳಿಗೆ ಸಿಕ್ಕಿ 100 ಗಜ ಹತ್ತಿರ ಸರಿದಿದ್ದರೂ 4,000 ಗಜದಲ್ಲಿ ಅದು ನಾಲ್ವತ್ತನೆಯ ಒಂದು ಪಾಲು. 440 ಗಜದ ಎತ್ತರ 11 ಗಜ ಹೆಚ್ಚಾಗಿ ಕಾಣುವುದೇ ಹೊರತು, ನನಗಾದಂತೆ 40 ಇದ್ದದ್ದು 50 ಆಗುವುದಿಲ್ಲ. ಹತ್ತಿರದಲ್ಲಿ ನಿಂತವನಿಗೆ ಕೋನ ಸ್ಪಷ್ಟ, ಬುಡ ಅಸ್ಥಿರ. ದೂರದಲ್ಲಿ ನಿಂತವನಿಗೆ ಬುಡ ಸ್ಥಿರ, ಕೋನ ಸಣ್ಣದು. ಒಬ್ಬನೇ ವೀಕ್ಷಕನಿರುವಾಗ ಎರಡೂ ಅನುಕೂಲಗಳು ಒಟ್ಟಿಗೆ ದೊರೆಯುವುದಿಲ್ಲ.

ಸಂಕೇತದ ದೃಷ್ಟಿಯಿಂದ ಈ ಅಂಕೆಗಳ ಅರ್ಥವೇನೆಂದರೆ, 440 ಗಜ ಏರಿದ ಬೆಳಕು ಬಯಲಿನಲ್ಲಿ ಸುಮಾರು 44 ಮೈಲಿಗಳವರೆಗೆ ದಿಗಂತದ ಮೇಲಿರುತ್ತದೆ. ರಾಬಿನ್ಸ್, ಸ್ಯಾಮ್ಯುಯಲ್ ಡ ಕೋಸ್ಟ ಮೊದಲಾದವರು ಬೇರೆ ಬೇರೆ ಗಾತ್ರದ ಬಾಣಗಳಿಂದ ನಡೆಸಿದ ಪ್ರಯೋಗಗಳನ್ನು ಗಡಿಯಾರಗಳ ನಿರ್ಮಾಪಕ ಜಾನ್ ಎಲಿಕಾಟ್ ವರದಿ ಮಾಡಿದ್ದಾನೆ. ಅವುಗಳಲ್ಲಿ ಕೆಲವು 1,000 ಗಜವನ್ನೂ ಮೀರಿ ಏರಿದುವು.

ಇಲ್ಲಿಂದ ಮುಂದೆ ರಾಬಿನ್ಸನ ಕಥೆ ನಮ್ಮ ಕಡೆಗೆ ತಿರುಗುತ್ತದೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಕೋಟೆಗಳನ್ನು ಭದ್ರಪಡಿಸಲು ಅವನನ್ನು ಪ್ರಧಾನ ಎಂಜಿನಿಯರನಾಗಿ ನೇಮಿಸಿತು. 1750ರಲ್ಲಿ ಅವನು ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ಬಂದಿಳಿದನು. ಮದರಾಸನ್ನು 1746ರಲ್ಲಿ ಫ್ರೆಂಚರು ಹಿಡಿದಿದ್ದುದರಿಂದ ಆಗ ಕಂಪನಿಯ ಮುಖ್ಯ ಠಾಣ್ಯ ಅಲ್ಲಿಯೇ ಇತ್ತು. ಕೋಟೆಗಳ ನಕ್ಷೆಗಳನ್ನು ಸಿದ್ಧಪಡಿಸುತ್ತಿರುವಾಗಲೇ ಅವನ ಆರೋಗ್ಯ ಕೆಟ್ಟು, 1751ರ ಜುಲೈ 29ರಂದು ಅಲ್ಲಿಯೇ ತೀರಿಕೊಂಡನು. ಬ್ಯಾಂಕಿನ ಕೆಲಸದ ಮೇಲೆ ಕಡಲೂರಿಗೆ ಹೋಗಿದ್ದಾಗ, ದೇವನಾಂಪಟ್ಟಿಣದಲ್ಲಿ ಆ ಕೋಟೆಯ ಅವಶೇಷಗಳ ಬಳಿ ನಿಂತು ನನಗೆ ಹೊಳೆದ ಯೋಚನೆಯೊಂದುಂಟು. ಬಾಣದ ಎತ್ತರವನ್ನು ಅಳೆದ ಈ ಮನುಷ್ಯನು ಇನ್ನು ಮೂವತ್ತು ವರ್ಷ ಬದುಕಿದ್ದರೆ, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ದಂಡನ್ನು ನಾಶಮಾಡಿದ ಸೈನ್ಯದ ಬಾಣಗಳ ಸುದ್ದಿಯನ್ನು ಕೇಳುತ್ತಿದ್ದನು. ಅಲ್ಲಿ ಮದ್ದಿನ ಬಂಡಿಗಳಿಗೆ ಬೆಂಕಿ ತಗುಲಿದುದು ಬಾಣದಿಂದಲೋ ತೋಪಿನಿಂದಲೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿದ್ದರೂ, ಮೈಸೂರಿನ ಬಾಣಗಳು ಕಂಪನಿಯ ಸೈನಿಕರನ್ನು ಕಂಗೆಡಿಸಿದುದರಲ್ಲಿ ಸಂದೇಹವಿಲ್ಲ.

ಆದರೆ ಈ ಬಾಣಗಳನ್ನು ಕುರಿತು ನನಗೆ ದೊರೆತ ಬರಹಗಳೆಲ್ಲ ಹೇಳುವುದು ದೂರದ ಮಾತನ್ನು, ಎತ್ತರದ ಮಾತನ್ನಲ್ಲ. ಅದು ಸಹಜವೂ ಹೌದು. ಶತ್ರುವಿನ ದಂಡಿನ ಮೇಲೆ ಬೀಳಬೇಕಾದ ಬಾಣವನ್ನು ಓರೆಯಾಗಿ ಬಿಡಬೇಕು. ಎಷ್ಟು ದೂರ ಹೋಯಿತೆಂಬುದೇ ಅಲ್ಲಿ ಮುಖ್ಯ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳ ಕೀರ್ತಿಯಿಂದ ಪ್ರೇರಿತನಾಗಿ ಪ್ರಯೋಗಗಳನ್ನು ನಡೆಸಿದ ವಿಲಿಯಂ ಕಾಂಗ್ರೀವನಿಗೂ ಬೇಕಾಗಿದ್ದುದು ದೂರವೇ. ಅವನ 32 ಪೌಂಡಿನ ಬಾಣ ಸುಮಾರು 3,000 ಗಜ ಹೋಗುತ್ತಿತ್ತು. ವಿಪರ್ಯಾಸವೆಂದರೆ, ಆ ಮುತ್ತಿಗೆಯಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿಯೇ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದು, ತ್ರಿಕೋನಗಳಿಂದ ಮೈಸೂರು ಸೀಮೆಯನ್ನು ಅಳೆಯುವ ಕಾರ್ಯವನ್ನು ಆರಂಭಿಸಿದನು. ಕೋನವನ್ನು ಅಳೆಯಬಲ್ಲವರು ಬರುವ ಹೊತ್ತಿಗೆ ಬಾಣ ಬಿಡುವವರು ಇರಲಿಲ್ಲ.

ದೂರದಿಂದ ಎತ್ತರವನ್ನು ಊಹಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಗಾಳಿಯೇ ಇಲ್ಲದಿದ್ದರೆ, 45 ಡಿಗ್ರಿಯಲ್ಲಿ ಎಸೆದ ಕಲ್ಲು ಹೋಗುವ ದೂರದ ಅರ್ಧದಷ್ಟು ಎತ್ತರಕ್ಕೆ ಅದೇ ವೇಗದಲ್ಲಿ ನೇರ ಮೇಲಕ್ಕೆ ಎಸೆದ ಕಲ್ಲು ಏರುತ್ತದೆ. ಹಾಗಾದರೆ 1,000 ಗಜ ಹೋದ ಬಾಣ 500 ಗಜ ಏರುತ್ತಿತ್ತೆಂದು ಬರೆದುಬಿಡಬಹುದಲ್ಲವೆ? ಬರೆಯಬಾರದು. ಬಾಣವು ಕಲ್ಲಿನಂತೆ ಒಮ್ಮೆಗೇ ವೇಗವನ್ನು ಪಡೆಯುವುದಿಲ್ಲ, ಉರಿಯುತ್ತ ಪಡೆಯುತ್ತದೆ. ಅದರ ಉದ್ದನೆಯ ಕೋಲು ಗಾಳಿಯನ್ನು ತಡೆಯುತ್ತದೆ. ವರದಿಯಾದ ದೂರಗಳು ಯಾವ ಕೋನದಲ್ಲಿ ಬಿಟ್ಟಾಗ ಬಂದುವೆಂಬುದು ದಾಖಲೆಯಾಗಿಲ್ಲ. ಗಾಳಿಯ ತಡೆಯನ್ನು ಅಲಕ್ಷಿಸಿದ ಇಂಥ ಸುಲಭ ಸೂತ್ರಗಳನ್ನೇ ರಾಬಿನ್ಸ್ 1742ರಲ್ಲಿ ಮುರಿದುಹಾಕಿದ್ದನು. ರಸೀತಿಯಿಲ್ಲದ ಮೊತ್ತವನ್ನು ಖಾತೆಗೆ ಏರಿಸುವುದು ಯಜಮಾನನ ಮೇಲಿನ ಅಭಿಮಾನದಿಂದಲೇ ಆದರೂ ತಪ್ಪು ತಪ್ಪೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆ ಮತ್ತೆ ಎದ್ದುದು ಆಟದ ಮೈದಾನದಲ್ಲಿ. ಅಮೆರಿಕದ ನೆಬ್ರಾಸ್ಕದಲ್ಲಿ ಪಾದರಕ್ಷೆಗಳ ಅಂಗಡಿಯನ್ನಿಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ರೂಪಿಸಿದ ಕಾಗದದ ಸಣ್ಣ ರಾಕೆಟ್ಟನ್ನು ಹ್ಯಾರಿ ಸ್ಟೈನ್ ಎಂಬುವರು 1957ರಿಂದ ಪ್ರಚಾರಕ್ಕೆ ತಂದರು. ಹವ್ಯಾಸಿಗಳು ಪಂದ್ಯ ಹೂಡಿದಾಗ ಎತ್ತರದ ಜಗಳ ಹುಟ್ಟಿತು. ಅವರು ಕಂಡುಕೊಂಡ ನ್ಯಾಯ ಹೀಗಿದೆ: ಉದ್ದ ಗೊತ್ತಿರುವ ಆಧಾರರೇಖೆಯ ಎರಡು ತುದಿಗಳಲ್ಲಿ ಇಬ್ಬರು ವೀಕ್ಷಕರು ಏರುಕೋನವನ್ನೂ ದಿಗಂಶವನ್ನೂ ಅಳೆಯಬೇಕು. ಅವುಗಳಿಂದ ಎತ್ತರವನ್ನು ಎರಡು ದಾರಿಗಳಲ್ಲಿ ಲೆಕ್ಕ ಹಾಕಬೇಕು. ಎರಡೂ ತಮ್ಮ ಸರಾಸರಿಯ ನೂರಕ್ಕೆ 10ರೊಳಗೆ ಹೊಂದಿದರೆ ಮಾತ್ರ ಎತ್ತರವನ್ನು ಒಪ್ಪಬೇಕು. ಇಲ್ಲವಾದರೆ ಆ ಹಾರಾಟಕ್ಕೆ ಎತ್ತರವೇ ಇಲ್ಲ. ಇದು ನಮ್ಮ ಜೋಡಿನಮೂದಿನ ಲೆಕ್ಕಪದ್ಧತಿಯೇ. 1963ರ ನವೆಂಬರ್ 21ರಂದು ತುಂಬಾದಿಂದ ಹಾರಿದ ಮೊದಲ ರಾಕೆಟ್ಟು ಆಕಾಶದಲ್ಲಿ ಬಿಟ್ಟ ಸೋಡಿಯಂ ಮೋಡವನ್ನು ಹಲವು ಕಡೆಗಳಿಂದ ಛಾಯಾಚಿತ್ರ ತೆಗೆದುದರ ತತ್ತ್ವವೂ ಇದೇ. ಈಚೆಗೆ ರಾಕೆಟ್ಟಿನ ಒಡಲಲ್ಲಿಯೇ ಇಡುವ ಪುಟ್ಟ ವಾಯುಭಾರಮಾಪಕಗಳು ಬಂದಿವೆ. ನೆಲದ ಸಮೀಪದಲ್ಲಿ ಸುಮಾರು ಎಂಟೂವರೆ ಮೀಟರು ಏರಿದರೆ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಅವಕ್ಕೂ ಹಾರುವ ಮುನ್ನ ನೆಲದ ಒತ್ತಡವನ್ನು ಆರಂಭದ ಶಿಲ್ಕಿನಂತೆ ಬರೆದುಕೊಳ್ಳದೆ ಗತ್ಯಂತರವಿಲ್ಲ.

ಮೈಸೂರಿನ ಬಾಣಗಳ ವಿಷಯ ಇಲ್ಲಿಗೆ ಮುಗಿಯಿತೆಂದಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ದೊರೆತುವು. ಭಾಷಣಗಳಲ್ಲಿ ದೊರೆಯದ ಸಾಕ್ಷ್ಯ ಇವುಗಳಲ್ಲಿದೆ. ಕೊಳವೆಯ ಉದ್ದ, ಅಗಲ, ತೂಕ, ಹಿಡಿಸುವ ಮದ್ದಿನ ಪ್ರಮಾಣ ಇವೆಲ್ಲವೂ ಅಳೆಯಬಹುದಾದುವು. ಅದೇ ಅಳತೆಯ ಕೊಳವೆಗಳನ್ನು ಮಾಡಿಸಿ, ಅಧಿಕೃತ ಅನುಮತಿಯೊಡನೆ ಬಯಲಿನಲ್ಲಿ ನೇರವಾಗಿ ಹಾರಿಸಿ, ಎರಡು ತುದಿಗಳಲ್ಲಿ ಥಿಯೊಡೊಲೈಟ್ ಹಿಡಿದು ನಿಂತರೆ, ಎರಡು ಶತಮಾನಗಳಿಂದ ಖಾಲಿಯಿರುವ ಎತ್ತರದ ಕಲಮಿನಲ್ಲಿ ನಂಬತಕ್ಕ ಅಂಕೆಯೊಂದನ್ನು ಬರೆಯಬಹುದು. ಅದು 440 ಗಜಕ್ಕಿಂತ ಹೆಚ್ಚಾದೀತು, ಕಡಿಮೆಯೂ ಆದೀತು. ಕಡಿಮೆಯಾದರೆ ಮೈಸೂರಿನ ಕಮ್ಮಾರರ ಕೀರ್ತಿಗೆ ಕುಂದಿಲ್ಲ. ಅವರು ಅದನ್ನು ಮಾಡಿದುದು ಮುಗಿಲಿಗಾಗಿ ಅಲ್ಲ. ಆ ಕೆಲಸ ನಡೆಯುವವರೆಗೆ ಆ ಕಲಮನ್ನು ಖಾಲಿ ಬಿಡುವುದೇ ನಾವು ಅವರಿಗೆ ಸಲ್ಲಿಸಬಹುದಾದ ಗೌರವ.