ಕೋಟೆಯಿಂದ ಕಾಲೇಜಿಗೆ ಬಂದ ಹಾಡು

1987ರಲ್ಲಿ ‘ಪ್ರೇಮಲೋಕ’ ಚಿತ್ರದ ಕ್ಯಾಸೆಟ್ ಬಂದ ಮೇಲೆ ಬೆಂಗಳೂರಿನಲ್ಲಿ ಹೇಗೋ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಹಾಗೆಯೇ: ಮದುವೆ ಮನೆಗೂ ಅದೇ, ಗಣಪತಿ ಪೆಂಡಾಲಿಗೂ ಅದೇ. ಗಿಟಾರು, ಡ್ರಮ್ಸು, ಸಿಂಥಸೈಜರು, ಸುಮ್ಮನೆ ಕೂರಲು ಬಿಡದ ತಾಳ. ಈ ಕಾಲೇಜು ಹಾಡುಗಳ ಬೇರು ಚಿತ್ರದುರ್ಗದ ಬಂಡೆಗಳಲ್ಲಿದೆ ಎಂದರೆ ನಂಬುವುದು ಕಷ್ಟ.

ಈಶ್ವರಿ ಸಂಸ್ಥೆಯ ಎನ್. ವೀರಾಸ್ವಾಮಿ 1972ರಲ್ಲಿ ‘ನಾಗರಹಾವು’ ನಿರ್ಮಿಸಿದರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಒಂದಾಗಿ ಹೆಣೆದರು, ತ.ರಾ.ಸು. ಅವರಿಗೆ ಅದು ಹಿಡಿಸಲಿಲ್ಲ, ಆ ಮಾತು ಬೇರೆ. ಸಂಗೀತ ವಿಜಯಭಾಸ್ಕರ್ ಅವರದು. ಅದರಲ್ಲಿ ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ ಓಬವ್ವನ ಹಾಡನ್ನು ಗಮನಿಸಬೇಕು. ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆ ಹೋಗುತ್ತಾಳೆ, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಣ್ಣಿಗೆ ಬೀಳುತ್ತದೆ, ಒನಕೆ ಏಳುತ್ತದೆ. ತೆರೆಯ ಮೇಲೆ ಜಯಂತಿ, ಹಿನ್ನೆಲೆಯಲ್ಲಿ ಪಿ.ಬಿ. ಶ್ರೀನಿವಾಸ್. ಸಂಭಾಷಣೆ ಮಾಡಬೇಕಿದ್ದ ಕೆಲಸವನ್ನೆಲ್ಲ ಹಾಡೊಂದೇ ಮಾಡಿ ಮುಗಿಸುತ್ತದೆ.

 

ವೀರಾಸ್ವಾಮಿಯವರ ಮಗ ರವಿಚಂದ್ರನ್ ಮೊದಲ ಸಲ ನಿರ್ದೇಶನಕ್ಕೆ ಇಳಿದದ್ದು ‘ಪ್ರೇಮಲೋಕ’ದಲ್ಲಿ. ಬೈಕ್ ಸವಾರನಿಗಷ್ಟೇ ಒಲಿಯುವ ಹುಡುಗಿ, ಅವಳಿಗಾಗಿ ಬೈಕ್ ಕಲಿತು ಮುಖ ಮರೆಸಿಕೊಂಡು ಬರುವ ಹುಡುಗ: ಎಳೆ ‘ಗ್ರೀಸ್ 2’ರದು. 1982ರ ಆ ಅಮೆರಿಕನ್ ಚಿತ್ರವೋ 1961ರ ರಾಕ್ ಆಂಡ್ ರೋಲ್ ದಿನಗಳನ್ನು ಮೆಲುಕು ಹಾಕುವಂಥದ್ದು. ಅಲ್ಲಿ ಅದು ಸೋತಿತು. ಅಂದರೆ ನಮ್ಮ ಹುಡುಗರು ಹೊಸದೆಂದು ಕುಣಿದದ್ದು ಅರ್ಧ ಹಳೆಯದಕ್ಕೇ!

ಆದರೆ ಎರವಲು ಕಥೆಗಷ್ಟೇ ನಿಲ್ಲುತ್ತದೆ. ಸಾಹಿತ್ಯ, ಸಂಗೀತ ಎರಡನ್ನೂ ಹೊತ್ತ ಹಂಸಲೇಖ ಹುಡುಗ ಹುಡುಗಿಯ ಜಗಳ, ಕೀಟಲೆ, ಬೈಕಿನ ಪಾಠವನ್ನೂ ಆಡುಮಾತಿನಲ್ಲೇ ರಾಗಕ್ಕೆ ಕೂರಿಸಿದರು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡುತ್ತಾರೆ. ಓಬವ್ವನ ಹಾಡಿನಲ್ಲಿ ಒಮ್ಮೆ ನಡೆದದ್ದು ಇಲ್ಲಿ ಚಿತ್ರದುದ್ದಕ್ಕೂ ನಡೆಯಿತು. ಸಿನಿಮಾ ನೋಡದವರಿಗೂ ಕ್ಯಾಸೆಟ್ಟಿನಿಂದಲೇ ಅರ್ಧ ಕಥೆ ತಿಳಿಯುತ್ತಿತ್ತು. ಕ್ಯಾಸೆಟ್ ತಂದ ಲಹರಿ ಸಂಸ್ಥೆಗೆ ಅದು ದೊಡ್ಡ ಹೆಸರು ತಂದಿತು. ‘ನಾಗರಹಾವು’ ಬೆಳಕಿಗೆ ತಂದ ವಿಷ್ಣುವರ್ಧನ್, ಅಂಬರೀಷ್ ಇಬ್ಬರೂ ‘ಪ್ರೇಮಲೋಕ’ದಲ್ಲಿ ಹೀಗೆ ಬಂದು ಹಾಗೆ ಹೋಗುತ್ತಾರೆ. ಮರುವರ್ಷವೇ ರವಿಚಂದ್ರನ್‌-ಹಂಸಲೇಖ ಜೋಡಿ ‘ರಣಧೀರ’ದೊಂದಿಗೆ ಮತ್ತೆ ಬಂತು.